ಸಿದ್ದಿಗಳ ಕವಂದಿ: ಹೊಲಿಗೆಯ ಕ್ರಮವೂ ಆಕಾರದ ಅನಿಯಮವೂ

ಹಳೆಯ ಅರಿವೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ಕನ್ನಡದಲ್ಲಿ ಕೌದಿಯೆಂದೂ ಬೊಂತೆಯೆಂದೂ ಹೆಸರುಂಟು. ಅದೇ ವಸ್ತು ವಿರಕ್ತನ ಹೆಗಲೇರಿದರೆ ಕಂಥೆಯೆನಿಸುವುದು. ಭರ್ತೃಹರಿಯ ವೈರಾಗ್ಯಶತಕದಲ್ಲಿ ಕಂಥೆಯು ನಿಃಸ್ಪೃಹತೆಯ ಕುರುಹಾಗಿ ಗೌರವವನ್ನು ಪಡೆದಿದೆ. ಬೊಂತೆಗೆ ಆ ಭಾಗ್ಯವಿಲ್ಲ. “ಕಂತೆಗೆ ತಕ್ಕ ಬೊಂತೆ” ಎಂಬ ಗಾದೆಯಲ್ಲಿ ಎರಡೂ ಹಾಸ್ಯಕ್ಕೆ ಗುರಿಯಾಗಿವೆ. ಸಾಹಿತ್ಯವಿಮರ್ಶೆಯಲ್ಲಿಯೂ ಒಂದು ಕೃತಿಯು ತೇಪೆಗಳಿಂದಾದುದೆಂದರೆ ಅದಕ್ಕೆ ಬಂಧವಿಲ್ಲವೆಂದೇ ಅರ್ಥ. ತುಂಡುಗಳು ಒಂದರಂತೆ ಒಂದಿಲ್ಲದಿರುವಾಗ, ಮೊದಲೇ ಬರೆದಿಟ್ಟ ನಕಾಸೆಯೂ ಇಲ್ಲದಿರುವಾಗ, ಅಲ್ಲಿ ನಿಯಮವೇ ಇಲ್ಲವೆಂದು ಭಾವಿಸುವುದು ಸುಲಭ. ಆದರೆ ಉತ್ತರಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಮನೆಯಲ್ಲಿ ಹೊಲಿಯುವ ಕವಂದಿಯನ್ನು ಪರೀಕ್ಷಿಸಿದರೆ ಈ ಭಾವನೆಯು ನಿಲ್ಲತಕ್ಕದ್ದಲ್ಲ. ಅಲ್ಲಿ ನಿಯಮವಿದೆ; ಆದರೆ ಅದಿರುವುದು ಆಕಾರದಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ.

ತುಂಡುಬಟ್ಟೆಯ ಹೊಲಿಗೆಯೆಲ್ಲವೂ ಅನಿಯತವಾಗಿಯೇ ಇರಬೇಕೆಂದೇನೂ ಇಲ್ಲ. ಬೌದ್ಧಭಿಕ್ಷುಗಳ ಚೀವರವೇ ಇದಕ್ಕೆ ಸಾಕ್ಷಿ. ವಿನಯಪಿಟಕದ ಮಹಾವಗ್ಗದಲ್ಲಿ ಹೇಳಿರುವಂತೆ, ಬುದ್ಧನು ದಕ್ಷಿಣಗಿರಿಯ ಕಡೆಗೆ ಹೋಗುತ್ತಿದ್ದಾಗ ಮಗಧದ ಗದ್ದೆಗಳು ಬದುಗಳಿಂದ ಸಾಲುಸಾಲಾಗಿ ವಿಭಾಗಗೊಂಡಿರುವುದನ್ನು ಕಂಡು, ಭಿಕ್ಷುಗಳ ಚೀವರವನ್ನು ಅದೇ ರೀತಿಯಲ್ಲಿ ಮಾಡಲಾದೀತೇ ಎಂದು ಆನಂದನನ್ನು ಕೇಳಿದನು. ಆನಂದನು ಹಾಗೆಯೇ ಮಾಡಿದನು. ಬಟ್ಟೆಯನ್ನು ಕತ್ತರಿಸಿ ಬೆಲೆಗೆಡಿಸುವುದು ಅಲ್ಲಿಯ ಉದ್ದೇಶ. ಕತ್ತರಿಸಿದ ಮೇಲೆ ಕೂಡಿಸುವ ವಿಧಾನವಾದರೋ ಕಟ್ಟುನಿಟ್ಟಾದುದು. ಹೊಲ, ಬದು, ಅಂಚು ಎಲ್ಲಕ್ಕೂ ಸ್ಥಾನನಿರ್ದೇಶವುಂಟು. ಚೀವರವನ್ನು ಹೊಲಿಯುವವನು ಸೂಜಿಯನ್ನು ಹಿಡಿಯುವ ಮುನ್ನವೇ ಅದರ ರೂಪವನ್ನು ಬಲ್ಲನು. ಕವಂದಿಯನ್ನು ಹೊಲಿಯುವವಳಿಗೆ ಈ ಪೂರ್ವಜ್ಞಾನವಿಲ್ಲ, ಬೇಕಾಗಿಯೂ ಇಲ್ಲ.

ಸಿದ್ದಿಗಳು ಆಫ್ರಿಕಾಖಂಡದಿಂದ ಬಂದವರ ಸಂತತಿ. ಹದಿನಾರನೆಯ ಶತಮಾನದಿಂದೀಚೆಗೆ ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡುಗಳನ್ನು ಸೇರಿದರು. ಇಂದು ಅವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ ಮೊದಲಾದ ತಾಲ್ಲೂಕುಗಳಲ್ಲಿ ನೆಲಸಿರುವರು. ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಅವರಲ್ಲಿ ಉಂಟು. ಮನೆಮಾತು ಬಹುಮಟ್ಟಿಗೆ ಕೊಂಕಣಿಯ ಒಂದು ಬಗೆ. ಕನ್ನಡವು ಎಲ್ಲರಿಗೂ ವ್ಯವಹಾರದ ನುಡಿ. 2003 ರಲ್ಲಿ ಉತ್ತರಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಮಳೆಗಾಲದಲ್ಲಿ ಹಾಸಲೂ ಚಳಿಗಾಲದಲ್ಲಿ ಹೊದೆಯಲೂ ಬೇಕಾದ ಕವಂದಿಯನ್ನು ಮೂರು ಮತದವರೂ ಹೊಲಿಯುವರು.

ಕವಂದಿಗೆ ಬೇಕಾದ ಸಾಮಗ್ರಿಯು ಅಲ್ಪ: ಅಡಿಯ ಬಟ್ಟೆಗೆ ಒಂದು ಹಳೆಯ ಹತ್ತಿಯ ಸೀರೆ, ಉಟ್ಟು ತೊಟ್ಟು ಸವೆದ ಉಡುಪುಗಳಿಂದ ಹರಿದು ತೆಗೆದ ತುಂಡುಗಳು, ಸೂಜಿ, ದಪ್ಪ ದಾರ. ಎಂಟು ಗಜದ ಸೀರೆಯನ್ನು ನಾಲ್ಕು ಪಾಲು ಮಾಡಿ ಎರಡೆರಡನ್ನು ಪಕ್ಕಪಕ್ಕದಲ್ಲಿ ಜೋಡಿಸಿದರೆ ಒಂದು ಕವಂದಿಯ ಅಡಿಬಟ್ಟೆಯೂ ಒಳಪದರವೂ ಒದಗುವುವು. ಚೌಕಟ್ಟಿಗೆ ಬಿಗಿಯುವ ಪದ್ಧತಿಯಿಲ್ಲ. ಬಟ್ಟೆಯನ್ನು ನೆಲದ ಮೇಲೆ ಹರಡಿಕೊಂಡು ಹೊಲಿಯುವರು.

ಹೊಲಿಗೆಯು ಒಂದು ಮೂಲೆಯಿಂದ ಆರಂಭವಾಗುವುದು. ಅಡಿಬಟ್ಟೆಯ ಅಂಚನ್ನು ಒಳಕ್ಕೆ ಮಡಿಸಿ, ಮೊದಲನೆಯ ತುಂಡಿನ ಅಂಚನ್ನೂ ಹಾಗೆಯೇ ಮಡಿಸಿ, ಎರಡನ್ನೂ ಸರಿಹೊಂದಿಸಿ, ಎಲ್ಲ ಪದರಗಳ ಮೂಲಕ ಸೂಜಿಯನ್ನು ಹಾಯಿಸಿ ಉದ್ದಕ್ಕೂ ಓಟದ ಹೊಲಿಗೆ ಹಾಕುವರು. ಆ ತುಂಡು ಮುಗಿಯುವೆಡೆಯಲ್ಲಿ ಮತ್ತೊಂದನ್ನು ಇಟ್ಟು, ಒಂದರ ಅಂಚು ಮತ್ತೊಂದರ ಮೇಲೆ ಬರುವಂತೆ ಮಡಿಸಿ ಮುಂದುವರಿಯುವರು. ಹೀಗೆ ನಾಲ್ಕು ಅಂಚುಗಳನ್ನೂ ಸುತ್ತಿ ಬಂದ ಸಾಲು ತನ್ನ ಆರಂಭವನ್ನು ಮುಟ್ಟಿದಾಗ ನಿಲ್ಲುವುದಿಲ್ಲ. ಒಂದು ಬೆರಳಿನಷ್ಟು ಒಳಕ್ಕೆ ಸರಿದು ಎರಡನೆಯ ಸುತ್ತನ್ನು ಹಿಡಿಯುವುದು. ಸುತ್ತು ಸುತ್ತಿಗೂ ಬರಿದಾದ ನಡುಭಾಗವು ಕಿರಿದಾಗುತ್ತ ಹೋಗಿ, ಕಟ್ಟಕಡೆಯ ತುಂಡು ಅದನ್ನು ಮುಚ್ಚಿದಾಗ ಹೊದಿಕೆಯು ಪೂರ್ತಿಯಾಗುವುದು.

ಇಲ್ಲಿ ಎರಡು ಸಂಗತಿಗಳು ವಿಚಾರಾರ್ಹವಾಗಿವೆ. ಬೇರೆಡೆಗಳಲ್ಲಿ ತುಂಡುಗಳನ್ನು ಮೊದಲು ಕೂಡಿಸಿ ಮೇಲ್ಪದರವನ್ನು ಸಿದ್ಧಪಡಿಸಿ, ಆಮೇಲೆ ಅದನ್ನು ಒಳಪದರ ಅಡಿಪದರಗಳೊಡನೆ ಹೊಲಿಯುವುದು ವಾಡಿಕೆ. ಕೂಡಿಸುವುದೊಂದು ಕೆಲಸ, ಪದರಗಳನ್ನು ಬಂಧಿಸುವುದು ಇನ್ನೊಂದು. ಕವಂದಿಯಲ್ಲಿ ಇವೆರಡೂ ಒಂದೇ ಕ್ರಿಯೆ. ಎರಡನೆಯದು ಇದರಿಂದ ಹುಟ್ಟಿದುದು. ಮೇಲ್ಪದರವನ್ನು ಮೊದಲೇ ಮಾಡಿಟ್ಟವರು ನಡುವಿನಿಂದ ಹೊರಕ್ಕೆ ಹೊಲಿಯಬೇಕು. ಅಂಚಿನಿಂದ ಒಳಕ್ಕೆ ಬಂದರೆ ಹೆಚ್ಚಿದ ಬಟ್ಟೆಯು ನಡುವಿನಲ್ಲಿ ಗುಳ್ಳೆಯಂತೆ ಸಿಕ್ಕಿಬೀಳುವುದು. ಕವಂದಿಯು ಅಂಚಿನಿಂದಲೇ ಹೊರಟರೂ ಈ ದೋಷಕ್ಕೆ ಬಹುಮಟ್ಟಿಗೆ ಹೊರತಾಗಿರುವುದು. ಏಕೆಂದರೆ ಅದರ ಮೇಲ್ಪದರಕ್ಕೆ ಮುಂಚಿತವಾಗಿ ಅಳತೆಯೇ ಇಲ್ಲ. ಉಳಿದಿರುವ ಎಡೆ ಎಷ್ಟೋ ಅಷ್ಟೇ ತುಂಡು ಬರುವುದು. ತುಂಡು ಓರೆಯಾಗಿದ್ದರೆ ಮುಂದಿನದು ಆ ಓರೆಗೆ ಹೊಂದಿಕೊಳ್ಳುವುದು. ಅಗಲ ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು ಕೂಡುವುದು. ಕಣ್ಣಿಗೆ ಕಾಣುವ ಅನಿಯಮವು ಹೊಲಿಯುವವಳ ಅಜ್ಞಾನದ ಫಲವಲ್ಲ, ಈ ಕ್ರಮವು ಆಕೆಗೆ ಕೊಟ್ಟಿರುವ ಅವಕಾಶ. ಎಲ್ಲವನ್ನೂ ಚೌಕವಾಗಿ ಕತ್ತರಿಸಿದ್ದರೆ ಸವೆದ ಉಡುಪಿನ ಗಟ್ಟಿಯಾದ ಭಾಗವೆಷ್ಟೋ ವ್ಯರ್ಥವಾಗುತ್ತಿದ್ದಿತು.

ಈ ಸ್ವಾತಂತ್ರ್ಯಕ್ಕೆ ಮೇರೆಯೂ ಉಂಟು. ಸಾಲುಗಳ ನಡುವಣ ಅಂತರವು ಹೆಚ್ಚು ಕಡಿಮೆ ಸಮವಾಗಿರತಕ್ಕದ್ದು, ಇಲ್ಲದಿದ್ದರೆ ಪದರಗಳು ಸಡಿಲವಾಗಿ ಒಗೆತಕ್ಕೆ ತಾಳವು. ತುಂಡುಗಳಲ್ಲಿ ಸ್ವೈರವೃತ್ತಿ, ಸಾಲುಗಳಲ್ಲಿ ನಿಷ್ಠೆ. ಛಂದಸ್ಸನ್ನು ಪಾಠ ಹೇಳುವವರಿಗೆ ಇಲ್ಲಿ ರಗಳೆಯ ನೆನಪಾದರೆ ಆಶ್ಚರ್ಯವಿಲ್ಲ. ಮಾತ್ರೆಗಳ ಗಣಿತವನ್ನು ಮೀರದೆ ಪಂಕ್ತಿಗಳ ಸಂಖ್ಯೆಯನ್ನು ಬೇಕಾದಂತೆ ಬೆಳೆಸಿಕೊಳ್ಳುವ ಬಂಧವದು.

ಕವಂದಿಯನ್ನು ಕಂಡ ಹೊರದೇಶದ ಪ್ರೇಕ್ಷಕರಿಗೆ ಅಮೆರಿಕೆಯ ಅಲಬಾಮಾ ಸಂಸ್ಥಾನದ ಗೀಸ್ ಬೆಂಡ್ ಗ್ರಾಮದ ಹೊದಿಕೆಗಳು ನೆನಪಿಗೆ ಬರುವುದು ಸಹಜ. ಅವುಗಳನ್ನು ಹೊಲಿದವರೂ ಆಫ್ರಿಕದ ಗುಲಾಮರ ಸಂತತಿಯವರೇ. 2002 ರಲ್ಲಿ ಹ್ಯೂಸ್ಟನ್ ನಗರದ ಕಲಾಶಾಲೆಯಲ್ಲಿ ಪ್ರದರ್ಶಿತವಾದ ಬಳಿಕ ಅವು ಜಗತ್ಪ್ರಸಿದ್ಧವಾದುವು. ಎರಡರಲ್ಲಿಯೂ ಒಂದರೊಳಗೊಂದು ಅಡಗಿದ ಚೌಕಗಳು, ದಿಟ್ಟ ಬಣ್ಣಗಳು, ವಕ್ರವಾದ ಅಂಚುಗಳು. ಆದುದರಿಂದ ಎರಡೂ ಒಂದೇ ಪೂರ್ವಸ್ಮೃತಿಯ ಕವಲುಗಳೆಂದು ಹೇಳಲು ಮನಸ್ಸು ತ್ವರೆಪಡುವುದು. ಆದರೆ ಗೀಸ್ ಬೆಂಡಿನಲ್ಲಿ ‘ಹೌಸ್‌ಟಾಪ್’ ಎಂದು ಕರೆಯುವ ಬಂಧವು ನಡುವಣ ಒಂದು ತುಂಡಿನಿಂದ ಹೊರಟು ಪಟ್ಟಿಗಳನ್ನು ಸೇರಿಸುತ್ತ ಹೊರಕ್ಕೆ ಬೆಳೆಯುವುದು. ಸಿದ್ದಿಯ ಕವಂದಿ ಅಂಚಿನಿಂದ ಒಳಕ್ಕೆ ಬರುವುದು. ರೂಪವು ಒಂದೇ, ಕ್ರಮವು ವಿಪರೀತ. ಅಲ್ಲದೆ ಹಳೆಯ ಬಟ್ಟೆಯ ಪದರಗಳನ್ನು ಓಟದ ಹೊಲಿಗೆಯಿಂದ ಬಂಧಿಸುವುದು ಬಂಗಾಲದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಧಾರವಾಡ ಸೀಮೆಯ ಕೌದಿ ಎಲ್ಲಕ್ಕೂ ಸಾಧಾರಣವಾದ ವಿದ್ಯೆ. ಸಿದ್ದಿಗಳು ಈ ನೆಲದ ವಿದ್ಯೆಯನ್ನು ತಮ್ಮದನ್ನಾಗಿ ಮಾಡಿಕೊಂಡರೆನ್ನುವುದೇ ಯುಕ್ತವಾಗಿ ತೋರುವುದು. ಹಾಗೆಂದರೆ ಅವರ ಕೀರ್ತಿಗೆ ಕುಂದಿಲ್ಲ. ವಂಶಸ್ಮೃತಿಯ ಮೇಲೆಯೇ ಎಲ್ಲ ಗೌರವವನ್ನೂ ಹೊರಿಸುವವರು ಹೊಲಿದ ಕೈಗಳಿಗೆ ಏನನ್ನೂ ಉಳಿಸುವುದಿಲ್ಲ.

ಅನಿಯಮವು ಎಲ್ಲೆಡೆಯೂ ಬಡತನದ ಕೂಸಲ್ಲವೆಂಬುದಕ್ಕೂ ಅಮೆರಿಕೆಯಲ್ಲೇ ನಿದರ್ಶನವಿದೆ. 1880 ರ ದಶಕದಲ್ಲಿ ಅಲ್ಲಿಯ ಸಿರಿವಂತರ ಮನೆಗಳಲ್ಲಿ ರೇಷ್ಮೆ ಮಖಮಲ್ಲುಗಳನ್ನು ಬೇಕೆಂದೇ ಅಡ್ಡಾದಿಡ್ಡಿಯಾಗಿ ಕತ್ತರಿಸಿ ‘ಕ್ರೇಜ಼ಿ ಕ್ವಿಲ್ಟ್’ ಎಂಬ ಹೊದಿಕೆಗಳನ್ನು ಮಾಡುವ ಹುಚ್ಚು ಹಬ್ಬಿದ್ದಿತು. ಅವುಗಳಲ್ಲಿ ಅನೇಕವನ್ನು ಬಿಡಿಬಿಡಿ ಚೌಕಗಳಾಗಿ ಮಾಡಿ ಆಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಒಳಗೆಲ್ಲ ಅಸ್ತವ್ಯಸ್ತ, ಹೊರಗೆ ನೇರವಾದ ಗೆರೆ! ಕವಂದಿಯಲ್ಲಿ ಹೀಗೆ ಬಿಡಿಸಿ ತೆಗೆಯಬಹುದಾದ ಚೌಕವೇ ಇಲ್ಲ.

ಅಲಂಕಾರದ ಮಾತನ್ನು ಎತ್ತದೆ ಕವಂದಿಯ ವರ್ಣನೆಯು ಮುಗಿಯದು. ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಪದರಪದರವಾಗಿ ತ್ರಿಕೋನಾಕಾರಕ್ಕೆ ಮಡಿಸಿ ಹೊಲಿಯುವ ‘ಫೂಲ’ ಅಥವಾ ಹೂವು ಇರಲೇಬೇಕು. ಅದಿಲ್ಲದ ಕವಂದಿಯು ಬೆತ್ತಲೆಯೆಂದು ಅವರ ಎಣಿಕೆ. ಹೊದೆಯುವವನಿಗೆ ಇದರಿಂದ ಒಂದಿಷ್ಟೂ ಹೆಚ್ಚಿನ ಬೆಚ್ಚಗಿಲ್ಲ. ಆದರೂ ಅದನ್ನು ಬಿಡುವುದಿಲ್ಲ. ಕ್ರೈಸ್ತರ ಕವಂದಿಗಳಲ್ಲಿ ಶಿಲುಬೆಯೂ ಮುಸಲ್ಮಾನರವುಗಳಲ್ಲಿ ಅರ್ಧಚಂದ್ರವೂ ಕೆಲವೊಮ್ಮೆ ಕಾಣುವುವು. ಕೂಸುಗಳ ಕವಂದಿಗೆ ಪುಟ್ಟ ಪುಟ್ಟ ತುಂಡುಗಳನ್ನು ವಿಶೇಷವಾಗಿ ಹಚ್ಚುವರು. ಕೇವಲ ಮಿತವ್ಯಯವೇ ಕಾರಣವಾಗಿದ್ದರೆ ಈ ಶ್ರಮವು ಬೇಡವಾಗಿತ್ತು.

ಅಮೆರಿಕೆಯ ಕಲೇತಿಹಾಸಕಾರ ಹೆನ್ರಿ ಜಾನ್ ಡ್ರೂಯಲ್ ಅವರ ಅಧ್ಯಯನಗಳಿಂದಲೂ 2011 ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ನಡೆದ ಪ್ರದರ್ಶನದಿಂದಲೂ ಕವಂದಿಯು ವಿದ್ವಾಂಸರ ದೃಷ್ಟಿಗೆ ಬಿದ್ದಿತು. ಮಾರಾಟಕ್ಕಾಗಿಯೂ ಇಂದು ಹೊಲಿಯುವುದುಂಟು. ಕೊಳ್ಳುವವರು ಅಳತೆಯನ್ನೂ ಬಣ್ಣವನ್ನೂ ಮುಂಚಿತವಾಗಿ ಗೊತ್ತುಮಾಡಿ ಕೇಳಿದಾಗ, ಕವಂದಿಯು ತನಗೆ ಅಪರಿಚಿತವಾದ ಚೀವರದ ಮಾರ್ಗವನ್ನು ಹಿಡಿಯಬೇಕಾಗುವುದು. ಹೊಲಿಯುವವರ ಕೈಗೆ ಹಣ ಸೇರುವುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಈ ಎರಡು ಬಗೆಗಳನ್ನು ಬೇರ್ಪಡಿಸಿ ದಾಖಲೆಮಾಡುವ ಹೊಣೆ ಸಂಗ್ರಹಾಲಯಗಳ ಮೇಲಿದೆ. ಗೋಡೆಗೆ ತೂಗುಹಾಕಿ ಮುಂಭಾಗದ ಚಿತ್ರವನ್ನಷ್ಟೇ ತೆಗೆದರೆ ತುಂಡುಗಳ ಬಣ್ಣವು ಉಳಿಯುವುದು, ಕ್ರಮವು ಅಳಿಯುವುದು. ಹೊದಿಕೆಯನ್ನು ಮಗುಚಿ ನೋಡಬೇಕು. ಅಡಿಯ ಸೀರೆಯ ಮೇಲೆ ತೇಪೆಗಳ ಗದ್ದಲವಿಲ್ಲ. ಯಾವ ಮೂಲೆಯಿಂದ ಸೂಜಿ ಹೊರಟಿತು, ಎಲ್ಲಿ ದಾರ ಮುಗಿದು ಗಂಟು ಬಿದ್ದಿತು, ಸುತ್ತುಗಳೆಷ್ಟು ಎಂಬುದನ್ನು ಅಲ್ಲಿ ಸಾಲುಸಾಲಾಗಿ ಓದಬಹುದು.