ಟರ್ಬೊ ಕೆಟ್ಟಿದೆಯೋ, ಕೋಡಿ ಕೆಟ್ಟಿದೆಯೋ?

ಕಂಟೋನ್ಮೆಂಟ್ ಸ್ಟೇಷನ್ನಿನಿಂದ ರೈಲು ಹೊರಡುವಾಗ ಹಳೆಯ ಡೀಸೆಲ್ ಎಂಜಿನ್ನು ಒಮ್ಮೆಗೇ ಕಪ್ಪು ಹೊಗೆ ಉಗುಳುತ್ತಿದ್ದುದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬೇಕು. ಅದು ಆಲ್ಕೊ ವಿನ್ಯಾಸದ, ಹದಿನಾರು ಸಿಲಿಂಡರಿನ, 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2. ಡ್ರೈವರು ಡೀಸೆಲ್ ಹೆಚ್ಚಿಸಿದೊಡನೆ ಅದನ್ನು ಪೂರ್ತಿ ಉರಿಸುವಷ್ಟು ಗಾಳಿ ಸಿಗುತ್ತಿರಲಿಲ್ಲ. ಗಾಳಿ ತುಂಬುವ ಟರ್ಬೊಚಾರ್ಜರ್ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು, ಅಷ್ಟರವರೆಗೆ ಹೊಗೆ. ಅದೇ ಯಂತ್ರ ಇಂದು ತೆಂಗಿನಕಾಯಿಯ ಗಾತ್ರಕ್ಕೆ ಕುಗ್ಗಿ, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ಎಷ್ಟೋ ಪುಟ್ಟ ಕಾರುಗಳ ಹೊಟ್ಟೆಯೊಳಗೆ ಕುಳಿತಿದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟಿಗೆ ಕೊಟ್ಟ ಈ ಯುಕ್ತಿ ಸರಳ. ಹೊರಹೋಗುವ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಕಾರಿನ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ತೊಡಕು ಇರುವುದೂ ಇಲ್ಲೇ. ಗಾಳಿ ಹೆಚ್ಚಿದರೆ ಇಂಧನ ಹೆಚ್ಚು ಉರಿಯುತ್ತದೆ, ಹೊಗೆ ಹೆಚ್ಚುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ. ತಡೆಯುವವರಿಲ್ಲದಿದ್ದರೆ ಎಂಜಿನ್ನಿಗೇ ಅಪಾಯ.

ಕೆರೆ ತುಂಬಿದರೆ ಏರಿ ಒಡೆಯದಿರಲೆಂದು ನಮ್ಮ ಹಿರಿಯರು ಕೋಡಿ ಕಟ್ಟಿದರು. ಟರ್ಬೊವಿನ ಕೋಡಿಯೇ ವೇಸ್ಟ್‌ಗೇಟ್. ನೀರಾವರಿ ಎಂಜಿನಿಯರರು ಕೋಡಿಯನ್ನು ವೇಸ್ಟ್ ವಿಯರ್ ಎನ್ನುವುದರಿಂದ ಹೆಸರಿನಲ್ಲೂ ನಂಟಿದೆ! 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲೇ ಇದು ಇತ್ತು. ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಕದ, ಕದಕ್ಕೊಂದು ಸರಳು, ಸರಳಿನ ತುದಿಯಲ್ಲಿ ಆಕ್ಚುಯೇಟರ್ ಎಂಬ ಡಬ್ಬಿ. ಡಬ್ಬಿಯೊಳಗೆ ಸ್ಪ್ರಿಂಗು ಮತ್ತು ರಬ್ಬರಿನ ಪೊರೆ. ಗಾಳಿಯ ಒತ್ತಡ ಮಿತಿ ಮುಟ್ಟಿದಾಗ ಪೊರೆ ಸರಳನ್ನು ತಳ್ಳುತ್ತದೆ, ಕದ ತೆರೆಯುತ್ತದೆ, ಹೊಗೆಯ ಒಂದು ಪಾಲು ಚಕ್ರವನ್ನು ಮುಟ್ಟದೆ ಹೊರಟುಹೋಗುತ್ತದೆ. ಪೊರೆಯ ವ್ಯಾಸ 4 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 0.8 ಬಾರ್ ಒತ್ತಡದಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 100 ನ್ಯೂಟನ್, ಅಂದರೆ ಹತ್ತು ಕಿಲೋ ಅಕ್ಕಿಯ ಚೀಲದ ಭಾರ.

ಕೆಲವು ಕಾರುಗಳಲ್ಲಿ ವ್ಯವಸ್ಥೆ ತಿರುಗುಮುರುಗು. ಅಲ್ಲಿ ಗಾಳಿಯ ಒತ್ತಡ ಕದವನ್ನು ತೆರೆಯುವುದಿಲ್ಲ. ಪಂಪಿನ ವ್ಯಾಕ್ಯೂಮ್ ಅದನ್ನು ಮುಚ್ಚಿ ಹಿಡಿದಿರುತ್ತದೆ. ಇದನ್ನು ತಿಳಿಯದೆ ರೋಗ ಹುಡುಕಲು ಹೊರಟರೆ ದಾರಿ ತಪ್ಪುವುದು ಖಂಡಿತ. ಮೊದಲ ಬಗೆಯಲ್ಲಿ ಡಬ್ಬಿಯ ಪೈಪು ಹರಿದರೆ ಕದ ತೆರೆಯುವುದೇ ಇಲ್ಲ, ಒತ್ತಡ ಮಿತಿ ಮೀರುತ್ತದೆ, ಸ್ಕ್ಯಾನರಿನಲ್ಲಿ ಪಿ 0234 ಎಂಬ ಸಂಕೇತ ಬರುತ್ತದೆ. ಎರಡನೆಯ ಬಗೆಯಲ್ಲಿ ಪೈಪು ಹರಿದರೆ ಕದ ಮುಚ್ಚುವುದೇ ಇಲ್ಲ, ಒತ್ತಡ ಏರುವುದಿಲ್ಲ, ಪಿ 0299 ಬರುತ್ತದೆ. ಹರಿದದ್ದು ಅದೇ ಎರಡಂಗುಲ ರಬ್ಬರು, ಲಕ್ಷಣ ಮಾತ್ರ ಪೂರ್ವ-ಪಶ್ಚಿಮ.

ಕೆ.ಆರ್.ಪುರದ ಕಡೆಯ, ನನಗೆ ಪರಿಚಯದ ಟ್ಯಾಕ್ಸಿ ಚಾಲಕರೊಬ್ಬರ ಡೀಸೆಲ್ ಕಾರು ಎರಡನೆಯ ಜಾತಿಯದು. "ಮೇಷ್ಟ್ರೇ, ತೂಗುಸೇತುವೆ ಹತ್ತೋಕೂ ಸೆಕೆಂಡ್ ಗೇರ್ ಬೇಕು" ಎಂದರು. ಒಂದು ವರ್ಕ್‌ಶಾಪಿನಲ್ಲಿ ಟರ್ಬೊ ಪೂರ್ತಿ ಬದಲಿಸಬೇಕೆಂದಿದ್ದರು. ಹೇಳಿದ ಮೊತ್ತ ಅವರ ನಾಲ್ಕು ತಿಂಗಳ ಸಾಲದ ಕಂತು. ಕಾರು ನಿಂತರೆ ಕಂತೂ ನಿಲ್ಲುತ್ತದೆ. ಕೊನೆಗೆ ಶಿವಾಜಿನಗರದ ಓಣಿಯೊಂದರ ಹಿರಿಯ ಮೆಕ್ಯಾನಿಕ್ಕರ ಬಳಿ ಹೋದೆವು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ.

ಉಸ್ತಾದ್ ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ ಚಾಲೂ ಮಾಡಿಸಿ ಸರಳನ್ನು ದಿಟ್ಟಿಸಿದರು, ಅದು ಅಲುಗಲಿಲ್ಲ. ಡಬ್ಬಿಯ ಪೈಪು ಕಳಚಿ ಕೈಪಂಪು ಜೋಡಿಸಿ ನಾಲ್ಕು ಸಲ ಒತ್ತಿದರು. ಸರಳು ಸಲೀಸಾಗಿ ಒಳಸರಿಯಿತು, ಮೀಟರಿನ ಮುಳ್ಳು ಇಳಿಯದೆ ನಿಂತಿತು. ಅಲ್ಲಿಗೆ ಪೊರೆ ಹರಿದಿಲ್ಲ, ಕದ ತುಕ್ಕು ಹಿಡಿದಿಲ್ಲ ಎಂದಾಯಿತು. ಕಳಚಿದ ಪೈಪಿನ ಬಾಯಿಗೆ ಬೆರಳಿಟ್ಟು, "ಎಳೀತಾನೇ ಇಲ್ಲ ಸಾರ್" ಎಂದು ಅದರ ಜಾಡು ಹಿಡಿದು ಹಿಂದೆ ಹಿಂದೆ ಹೋದರು. ಪಂಪಿನ ಹತ್ತಿರ, ಕಬ್ಬಿಣದ ಪಟ್ಟಿಗೆ ಉಜ್ಜಿ ಪೈಪು ಸೀಳಿತ್ತು. ಒಂದು ಗೇಣು ಪೈಪು, ಅರ್ಧ ಗಂಟೆಯ ಕೂಲಿ, ಅಷ್ಟೇ. ನಮ್ಮ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಕಲಿಸಬೇಕಾದ ಕ್ರಮ ಇದೇ ಎನಿಸಿತು.

ಆದರೆ ಪ್ರತಿಸಲವೂ ಪೈಪೇ ಇರುತ್ತದೆಂದಲ್ಲ. ಕೈಪಂಪಿನ ಮುಳ್ಳು ಇಳಿದರೆ ಪೊರೆ ಹೋಗಿದೆ. ಮುಳ್ಳು ನಿಂತೂ ಸರಳು ಅಲುಗದಿದ್ದರೆ ಕದದ ಕೀಲು ಕಚ್ಚಿಕೊಂಡಿದೆ. ಕದದ ಬಳಿ ಗಲಗಲ ಸದ್ದಾದರೆ ಕೀಲು ಸವೆದಿದೆ. ಒತ್ತಡದ ಬಗೆಯ ಡಬ್ಬಿಗೆ ಕಂಪ್ರೆಸರಿನ ಗಾಳಿ ನೇರ ಬಿಡುವ ಹುಡುಗರಿದ್ದಾರೆ. ಏಳೆಂಟು ಬಾರ್ ಒತ್ತಡಕ್ಕೆ ಚೆನ್ನಾಗಿದ್ದ ಪೊರೆಯೂ ಹರಿದೀತು. ಈಚಿನ ಅನೇಕ ಪೆಟ್ರೋಲ್ ಕಾರುಗಳಲ್ಲಿ ಸರಳನ್ನು ಎಳೆಯುವುದು ಪುಟ್ಟ ವಿದ್ಯುತ್ ಮೋಟಾರು. ಅಲ್ಲಿ ಕೈಪಂಪಿಗೆ ಕೆಲಸವಿಲ್ಲ.

ಬೆಂಗಳೂರಿಗೇ ಸಂಬಂಧಿಸಿದ ಒಂದು ಮಾತು. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್, ಮಂಗಳೂರಿನಲ್ಲಿ 101. ಎಂಜಿನ್ ಚಾಲೂ ಮಾಡದೆ ಬರೀ ಕೀಲಿ ತಿರುಗಿಸಿದಾಗ ಒತ್ತಡದ ಸೆನ್ಸರ್ 91ರ ಆಸುಪಾಸು ತೋರಿಸಿದರೆ ಅದು ಸರಿಯಾಗಿದೆ. ಪುಸ್ತಕದಲ್ಲಿ 101 ಎಂದಿದೆಯೆಂದು ಅದನ್ನು ಕಿತ್ತೆಸೆಯಬೇಕಿಲ್ಲ.

ಪಿಕಪ್ ಹೆಚ್ಚಲೆಂದು ಸರಳಿನ ನಟ್ಟನ್ನು ಬಿಗಿ ಮಾಡಿಸುವ ಚಾಳಿಯೂ ಇದೆ. ಕೋಡಿಗೆ ಮರಳಿನ ಮೂಟೆ ಪೇರಿಸಿದಂತೆ ಅದು. ಅನೇಕ ಕಂಪನಿಗಳು ಆ ನಟ್ಟಿಗೆ ಬಣ್ಣದ ಗುರುತು ಹಾಕಿರುತ್ತವೆ. ಹಳೆಯ ಕಾರು ಕೊಳ್ಳುವವರು ಟಾರ್ಚು ಬಿಟ್ಟು, ಆ ಬಣ್ಣ ಒಡೆದಿದೆಯೇ ಎಂದು ನೋಡಿಕೊಳ್ಳಲಿ.