ಗುಬ್ಬಿಮರಿಗೆ ಬೇಕಾದದ್ದು ಅಕ್ಕಿಯಲ್ಲ

ಮಾರ್ಚ್ 20ರ ಗುಬ್ಬಚ್ಚಿ ದಿನ ಹತ್ತಿರ ಬಂತೆಂದರೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಮೊಬೈಲುಗಳಲ್ಲಿ ಒಂದೇ ಬಗೆಯ ಚಿತ್ರ ಓಡಾಡುತ್ತದೆ: ರಟ್ಟಿನ ಪೆಟ್ಟಿಗೆ, ಅದರ ಮುಂದೆ ಒಂದು ಹಿಡಿ ಅಕ್ಕಿ. ಅಕ್ಕಿ ಹಾಕುವ ಕೈಯನ್ನು ನಾನು ಹಳಿಯುವುದಿಲ್ಲ. ಸೂರಿಗೆ ಭತ್ತದ ತೆನೆ ಕಟ್ಟುವ ಮನೆ ಕಂಡರೆ ನನಗೂ ಸಂತೋಷವೇ. ಆದರೆ ‘ಕಾಳು ಹಾಕಿದ್ದೀವಲ್ಲ, ಮರಿಗಳ ಹೊಟ್ಟೆಯೂ ತುಂಬುತ್ತೆ ಬಿಡಿ’ ಎಂಬ ಮಾತು ಕಿವಿಗೆ ಬಿದ್ದಾಗ ತಾಳ್ಮೆ ತಪ್ಪುತ್ತದೆ. ತುಂಬುವುದಿಲ್ಲ.

ಗುಬ್ಬಿ ತಾನು ಕಾಳು ತಿಂದರೂ ಮರಿಗೆ, ಅದರಲ್ಲೂ ಮೊದಲ ದಿನಗಳಲ್ಲಿ, ಹುಡುಕಿ ತರುವುದು ಹುಳುವನ್ನೇ. ಹಸಿರು ಹುಳು, ಮಿಡತೆ, ಜೇಡ, ಗಿಡಹೇನು, ಹೀಗೆ ಮೆತ್ತಗಿರುವುದು ಏನು ಸಿಕ್ಕರೂ ಸರಿ. ಕೆ.ಆರ್. ನಗರದ ಗದ್ದೆ ಬಯಲಿನ ಗೀಜಗವೂ ಮರಿಗೆ ಹುಳು ಹುಡುಕುತ್ತದೆ. ಮೊಟ್ಟೆಯೊಡೆದಾಗ 2 ಗ್ರಾಂ ಆಸುಪಾಸು ತೂಗುವ ಗುಬ್ಬಿಮರಿ ಎರಡು ವಾರದಲ್ಲಿ ಹತ್ತು ಪಟ್ಟು ತೂಕ ಹಾಕಿ, ಗರಿ ತುಂಬಿಕೊಂಡು ಗೂಡು ಬಿಡಬೇಕು. ಅದಕ್ಕೆ ಬೇಕಾದದ್ದು ಪ್ರೋಟೀನು. ಅನ್ನದ ಅಗುಳಿನಲ್ಲಿರುವುದು ಬಹುಪಾಲು ಪಿಷ್ಟ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಗುಬ್ಬಿ ಗೂಡುಗಳನ್ನು ಬೆನ್ನುಹತ್ತಿ ನೋಡಿದರು. ಮರಿಗಳ ಆಹಾರದಲ್ಲಿ ಸಸ್ಯದ ಪಾಲು ಹೆಚ್ಚಿದ್ದ ಕಡೆ ಬದುಕುಳಿದ ಮರಿಗಳು ಕಡಿಮೆ.

ಹಸಿದ ಮರಿಯ ದೇಹದಲ್ಲಿ ಕಾರ್ಟಿಕೋಸ್ಟಿರೋನ್ ಎಂಬ ಹಾರ್ಮೋನು ಏರಬಹುದು. ಒಂದೆರಡು ಗಂಟೆ ಏರಿದರೆ ಅದು ಉಪಕಾರಿಯೇ: ದೇಹದಲ್ಲಿ ಕೂಡಿಟ್ಟ ಶಕ್ತಿಯನ್ನು ಬಿಡಿಸಿಕೊಡುತ್ತದೆ, ಮರಿ ಬಾಯಿ ತೆರೆದು ಜೋರಾಗಿ ಬೇಡುತ್ತದೆ. ದಿನಗಟ್ಟಲೆ ಇಳಿಯದಿದ್ದರೆ ಕಥೆ ಬೇರೆ. ಬೆಳವಣಿಗೆ ಕುಂಠಿತವಾಗುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಗರಿಯಲ್ಲಿ ಅಡ್ಡಗೆರೆಗಳು ಮೂಡಿ ಅಲ್ಲಿಯೇ ಮುರಿಯುವಂತಾಗುತ್ತದೆ. ಹಾಡು ಕಲಿಯುವ ಹಕ್ಕಿಗಳಲ್ಲಿ ಎಳವೆಯ ಹಸಿವು ಮಿದುಳಿನ ಹಾಡಿನ ಭಾಗವನ್ನೂ ಬಾಧಿಸಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಬೇಡುವ ಮರಿಯ ದನಿ ಅಪ್ಪ ಅಮ್ಮನಿಗಷ್ಟೇ ಅಲ್ಲ, ಕೆಂಬೂತಕ್ಕೂ ಕಾಗೆಗೂ ಕೇಳಿಸುತ್ತದೆ. ನಾವು ಆ ಚಿಂವ್‌ಚಿಂವ್ ಕೇಳಿ ‘ಎಷ್ಟು ಲವಲವಿಕೆ’ ಎಂದು ವಿಡಿಯೊ ಮಾಡುತ್ತೇವೆ.

ಇಷ್ಟು ಹೇಳಿದರೆ ಬರುವ ಉತ್ತರ, ‘ನಮ್ಮ ಕಡೆ ಎಲ್ಲಿ ನೋಡಿದರೂ ಹಸಿರು, ಹುಳಕ್ಕೇನು ಬರ?’ ಮಳೆಗಾಲ ಶುರುವಾದ ಮೇಲೆ ಪಿರಿಯಾಪಟ್ಟಣದ ರಸ್ತೆಯಲ್ಲಿ ಹೋಗಿ ನೋಡಿ: ಎರಡೂ ಬದಿ ಹೊಗೆಸೊಪ್ಪಿನ ಹಸಿರು. ಅದು ಹುಳು ನಿಲ್ಲದಂತೆ ಕಾಯ್ದುಕೊಂಡ ಹಸಿರು. ಎಲೆ ತೂತಾದರೆ ದರ್ಜೆ ಇಳಿಯುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ರೈತ ಔಷಧಿ ಹೊಡೆಯದೆ ಏನು ಮಾಡಿಯಾನು? ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಬೇಕು, ಹಾಗಾಗಿ ಬದುವಿನ ಮರಕ್ಕೂ ಕೊಡಲಿ. ಹಿಂದೆ ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ನಿಲ್ಲುತ್ತಿದ್ದವು. ಒಂದೊಂದು ಗಿಡಕ್ಕೂ ಅದರದೇ ಹುಳು, ಒಂದೊಂದು ಹುಳಕ್ಕೂ ಅದರದೇ ಕಾಲ. ಹಕ್ಕಿಯ ಬುತ್ತಿ ಖಾಲಿಯಾಗುತ್ತಿರಲಿಲ್ಲ. ಕೋಟೆ ಕಡೆಯ ಹತ್ತಿಗೂ ನಮ್ಮ ತಂಬಾಕಿಗೂ ಬಳಸುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ನೆದರ್ಲ್ಯಾಂಡ್ಸ್‌ನ ನೀರಿನಲ್ಲಿ ಹೆಚ್ಚಿದ್ದ ಕಡೆಗಳಲ್ಲಿ ಹುಳು ತಿನ್ನುವ ಹಕ್ಕಿಗಳು ವೇಗವಾಗಿ ಕಡಿಮೆಯಾಗಿದ್ದವೆಂದು 2014ರಲ್ಲಿ ಪ್ರಕಟವಾಯಿತು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಗರಿ ಬಾರದ ಮರಿ ಕೆಳಗೆ ಬಿದ್ದಿದ್ದರೆ ಎತ್ತಿ ಗೂಡಿಗಿಡಿ. ಬಾಯಿ ತೆರೆದ ಮರಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಅದಕ್ಕೆ ಬೇಕಾದ ನೀರು ಹುಳುವಿನಲ್ಲೇ ಇದೆ. ಗೀಜಗ ಗೂಡಿನೊಳಗೆ ಹಸಿಮಣ್ಣು ಮೆತ್ತುವುದು ನಿಜ, ಅದಕ್ಕೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬುದು ಕಥೆ.

ಮೊಬೈಲ್ ಟವರ್ ವಿಷಯವಂತೂ ಕೇಳಿ ಕೇಳಿ ಸಾಕಾಗಿದೆ. ಗುಬ್ಬಿ ಹೋದದ್ದು ಟವರಿನಿಂದಲೇ ಎನ್ನಲು ಗಟ್ಟಿ ಪುರಾವೆಯಿಲ್ಲ. 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ದೇಶದಲ್ಲಿ ಗುಬ್ಬಿಯ ಸಂಖ್ಯೆ ಒಟ್ಟಾರೆ ಸ್ಥಿರವಾಗಿದೆ, ಇಳಿಕೆ ಕಂಡದ್ದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಆದರೂ ಟವರಿನ ಕಥೆಯನ್ನು ಜನ ಬಿಡುವುದಿಲ್ಲ. ಟವರ್ ಕಂಪನಿಯದು, ಬದುವಿಗೆ ಹೊಡೆಯುವ ಕಳೆನಾಶಕ ನಮ್ಮದು. ಬೈಯಲು ಕಂಪನಿಯೇ ಸುಲಭ. ಒಂದು ಹಿಡಿ ಅಕ್ಕಿಯೂ ಅಷ್ಟೇ ಸುಲಭ. ಓದಿದವರು, ಮಕ್ಕಳಿಗೆ ಪಾಠ ಹೇಳುವವರು ಕೂಡ ಬಂದ ಸಂದೇಶವನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತಾರೆ. ಪೆಟ್ಟಿಗೆಗೂ ಗಿಡಕ್ಕೂ ನಡುವೆ ಗುಬ್ಬಿ ಹಾರಾಡುವಾಗ ಅದರ ಕೊಕ್ಕಿನಲ್ಲಿ ಏನಿದೆಯೆಂದು ಹತ್ತು ನಿಮಿಷ ನಿಂತು ನೋಡಿದ್ದರೆ ಸಾಕಿತ್ತು. ಅಲ್ಲಿ ಅಕ್ಕಿ ಕಾಣುವುದು ಅಪರೂಪ. ಕಾಲು ಆಡಿಸುತ್ತಿರುವ ಮಿಡತೆ ಕಾಣುತ್ತದೆ.