ಹೆಲ್ಮೆಟ್ಟಿನ ತುರಿಕೆಗೆ ಪರಿಹಾರವೇನು?

ಹಣೆ ತುರಿಸುತ್ತದೆಂದು ಹೆಲ್ಮೆಟ್ಟನ್ನು ಹ್ಯಾಂಡಲಿಗೆ ತೂಗುಹಾಕಿ ಬರುವ ಸದಸ್ಯ ಬಂಧುಗಳು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಕಡಿಮೆಯಿಲ್ಲ. ತುರಿಕೆಗೆ ಮುಖ್ಯ ಕಾರಣ ಒಳಗಿನ ಸ್ಪಂಜಿನಲ್ಲಿ ಉಳಿದ ಬೆವರು, ತಲೆಯ ಎಣ್ಣೆ, ಧೂಳು. ಕರಾವಳಿಯ ಸೆಕೆಯಲ್ಲಿ ಅದು ಬೇಗ ಒಣಗದು. ತೇವ ನಿಂತಲ್ಲಿ ರೋಗ ಬರುವುದು ಕೊಳೆರೋಗ ಕಂಡ ನಮಗೆ ಹೊಸತಲ್ಲ.

ಸ್ಪಂಜು ಬಿಚ್ಚಲು ಬರುವಂತಿದ್ದರೆ ವಾರಕ್ಕೊಮ್ಮೆ ಸೌಮ್ಯ ಸಾಬೂನಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿರಿ. ತಲೆಗೆ ತೆಳು ಹತ್ತಿಬಟ್ಟೆ ಕಟ್ಟಿ, ದಿನವೂ ಬದಲಿಸಿರಿ. ಬೋರ್ಡೋ ದ್ರಾವಣ ಸಿಂಪಡಿಸಿದ ಕೈಯನ್ನು ತೊಳೆಯದೆ ಗಲ್ಲದ ಪಟ್ಟಿ ಮುಟ್ಟಬೇಡಿ. ಒಬ್ಬರ ಹೆಲ್ಮೆಟ್ ಇನ್ನೊಬ್ಬರಿಗೆ ಬೇಡ. ಉಂಗುರದಂತೆ ಕಲೆ ಎದ್ದರೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ, ಹುಳುಕಡ್ಡಿ ಉಲ್ಬಣಿಸುತ್ತದೆ, ಚರ್ಮವೈದ್ಯರಿಗೆ ತೋರಿಸಿರಿ.

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ. ತುರಿಕೆಗೆ ಮದ್ದುಂಟು, ಒಡೆದ ತಲೆಗೆ ಸುಲಭದ ಮದ್ದಿಲ್ಲ.